ವಿಷಪುರಿಯ ದಾರಿಯಲ್ಲಿ ಏಳು ದಿನ

ಮೊದಲ ದಿನ: ಸ್ಯಾನ್ ಫ್ರಾನ್ಸಿಸ್ಕೊ

ಮಾರ್ಕೆಟ್ ಸ್ಟ್ರೀಟಿನ 870ನೆಯ ಸಂಖ್ಯೆಯ ಫ್ಲಡ್ ಬಿಲ್ಡಿಂಗಿನ ಎದುರು ಬೆಳಿಗ್ಗೆ ಒಂಬತ್ತು ಗಂಟೆಗೆ ನಿಂತು ಕತ್ತೆತ್ತಿ ನೋಡುತ್ತಿದ್ದಾಗ, ಜೊತೆಗೆ ಬಂದಿದ್ದ ಮಗಳು, "ಅಪ್ಪಾ, ಗೋಲ್ಡನ್ ಗೇಟ್ ಬಿಟ್ಟು ಈ ಆಫೀಸು ಕಟ್ಟಡ ನೋಡೋದಕ್ಕೆ ಬಂಗಾರಪೇಟೆಯಿಂದ ಬಂದ್ರಾ?" ಎಂದಳು. ಅವಳ ಪ್ರಶ್ನೆಯಲ್ಲಿ ನ್ಯಾಯವಿತ್ತು. 1904ರಲ್ಲಿ ತೆರೆದು, ಎರಡೇ ವರ್ಷದಲ್ಲಿ ಬಂದ ಭೂಕಂಪವನ್ನು ತಡೆದುಕೊಂಡು ನಿಂತ ಆ ಬೂದು ಕಟ್ಟಡದ ಕೆಳ ಅಂತಸ್ತಿನಲ್ಲಿ ಈಗ ಅಂಗಡಿಗಳಿವೆ, ಎದುರಿಗೆ ಕೇಬಲ್ ಕಾರನ್ನು ತಿರುಗಿಸುವ ಜಾಗದಲ್ಲಿ ಪ್ರವಾಸಿಗರ ಸಾಲಿದೆ. ನನಗೆ ಬೇಕಾಗಿದ್ದದ್ದು ಮಾತ್ರ ಇಲ್ಲಿ 1920ರ ದಶಕದ ಆರಂಭದಲ್ಲಿದ್ದ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯ ಕಚೇರಿ ಮತ್ತು ಅಲ್ಲಿ ಕೂಲಿಗೆ ದುಡಿದು, ಕ್ಷಯರೋಗದಿಂದ ಕೆಲಸ ಬಿಟ್ಟು, ಬರೆಯಲು ಕುಳಿತ ಡ್ಯಾಷಿಯಲ್ ಹ್ಯಾಮೆಟ್.

ನಾನು ಹುಡುಗನಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ತಂದು ಓದಿದ ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆಯೆಂಬುದು ನೆಮ್ಮದಿಯ ಊರಿಗೆ ಹೊರಗಿನಿಂದ ಬಂದ ಕಾಯಿಲೆಯಂತೆ ಇರುತ್ತಿತ್ತು. ಪತ್ತೇದಾರ ಬಂದು ಕೊಲೆಗಾರನನ್ನು ಹಿಡಿದುಕೊಟ್ಟರೆ ಊರು ಮತ್ತೆ ಮೊದಲಿನಂತಾಗುತ್ತಿತ್ತು. ಕಾಲೇಜಿಗೆ ಬಂದ ಮೇಲೆ ಓದಿದ ಇಂಗ್ಲಿಷ್ ಹಳ್ಳಿಮನೆಗಳ ರಹಸ್ಯಕತೆಗಳದ್ದೂ ಇದೇ ಕಟ್ಟು. ಅಮೆರಿಕದವರು ಹಾರ್ಡ್‌ಬಾಯಿಲ್ಡ್ ಎಂದು ಕರೆದ, ಗಟ್ಟಿಯಾಗಿ ಬೆಂದ ಮೊಟ್ಟೆಯ ಹೆಸರನ್ನು ಹೊತ್ತ, ಹ್ಯಾಮೆಟ್‌ನಂಥವರ ಕತೆಗಳು ಕೈಗೆ ಸಿಕ್ಕಿದಾಗ ಈ ಕಟ್ಟು ಒಡೆದುಹೋಯಿತು. ಇಲ್ಲಿ ಕೊಲೆಗಾರ ಸಿಗುತ್ತಾನೆ, ಊರು ವಾಸಿಯಾಗುವುದಿಲ್ಲ. ಏಕೆಂದರೆ ಕಾಯಿಲೆ ಇರುವುದು ಊರಿನ ಒಡೆತನದಲ್ಲಿ. ಇನ್ನೂ ಇರುಸುಮುರುಸಿನ ಸಂಗತಿಯೆಂದರೆ, ಪತ್ತೇದಾರನಿಗೆ ಸಂಬಳ ಕೊಡುವವನೂ ಅನೇಕ ಸಲ ಆ ಒಡೆಯನೇ ಆಗಿರುತ್ತಾನೆ. ಈ ಕತೆಗಳ ಜಾಗಗಳನ್ನು ಒಮ್ಮೆ ಕಾಲಿನಿಂದ ಅಳೆಯಬೇಕೆಂಬುದು ನಿವೃತ್ತಿಗೆ ಮುಂಚಿನಿಂದಲೂ ಇದ್ದ ಆಸೆ.

ಹ್ಯಾಮೆಟ್ 1894ರಲ್ಲಿ ಮೇರಿಲ್ಯಾಂಡಿನಲ್ಲಿ ಹುಟ್ಟಿ, 1915ರಲ್ಲಿ ಬಾಲ್ಟಿಮೋರಿನ ಪಿಂಕರ್ಟನ್ ಶಾಖೆಗೆ ಸೇರಿದವನು. ಆ ಸಂಸ್ಥೆಯ ಗುರುತು ತೆರೆದ ಕಣ್ಣು. ತಾವು ಎಂದೂ ಮಲಗುವುದಿಲ್ಲವೆಂಬುದು ಅವರ ಘೋಷವಾಕ್ಯ. ಆ ಕಣ್ಣು ಕಳ್ಳರನ್ನಷ್ಟೇ ಕಾಯುತ್ತಿರಲಿಲ್ಲ. 1892ರಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರವನ್ನು ಮುರಿಯಲು ಬಂದೂಕು ಹಿಡಿದು ದೋಣಿಗಳಲ್ಲಿ ಬಂದವರು ಇದೇ ಸಂಸ್ಥೆಯ ಸುಮಾರು 300 ಜನ. ಅಂದಿನ ಗುಂಡಿನ ಕಾಳಗದಲ್ಲಿ ಎರಡೂ ಕಡೆಯವರು ಸತ್ತರು. ಕಾರ್ಮಿಕ ಸಂಘಗಳೊಳಗೆ ಗೂಢಚಾರರನ್ನು ಬಿಡುವುದು ಇವರ ನಿತ್ಯದ ವ್ಯಾಪಾರವಾಗಿತ್ತು. ಅಂದರೆ ಮುಂದೆ ಊರಿನ ಒಡೆಯರ ಕತೆ ಬರೆದವನು ಮೊದಲು ಅವರ ಕೈಯಾಳಾಗಿದ್ದವನು. ಪುಸ್ತಕ ಓದಿ ಅನ್ಯಾಯವನ್ನು ತಿಳಿದವನ ಬರವಣಿಗೆಗೂ, ಅನ್ಯಾಯದ ಸಂಬಳ ಪಟ್ಟಿಯಲ್ಲಿ ಸಹಿ ಹಾಕಿದವನ ಬರವಣಿಗೆಗೂ ಇರುವ ಅಂತರ ಇವನ ವಾಕ್ಯಗಳಲ್ಲಿ ಕಾಣುತ್ತದೆ. ಅವನು ಕೋಪಗೊಳ್ಳುವುದಿಲ್ಲ, ಲೆಕ್ಕ ಒಪ್ಪಿಸುತ್ತಾನೆ.

ಮಧ್ಯಾಹ್ನ ಸಿವಿಕ್ ಸೆಂಟರಿಗೆ ಹೋದೆವು. ಕಾಯಿಲೆಯ ದಿನಗಳಲ್ಲಿ ಹ್ಯಾಮೆಟ್ ಕುಳಿತು ಓದುತ್ತಿದ್ದ ಹಳೆಯ ಸಾರ್ವಜನಿಕ ಗ್ರಂಥಾಲಯದ ಕಟ್ಟಡದಲ್ಲಿ ಈಗ ಏಷ್ಯನ್ ಕಲಾ ಸಂಗ್ರಹಾಲಯವಿದೆ. ಮಗಳು ಒಳಗೆ ಹೋಗಿ ಬುದ್ಧನ ವಿಗ್ರಹಗಳನ್ನು ನೋಡುತ್ತಿದ್ದ ಹೊತ್ತಿನಲ್ಲಿ ನಾನು ಮೆಟ್ಟಿಲ ಮೇಲೆ ಕುಳಿತು 'ಬ್ಲ್ಯಾಕ್ ಮಾಸ್ಕ್' ಪತ್ರಿಕೆಯ ಬಗ್ಗೆ ಮಾಡಿಕೊಂಡಿದ್ದ ಟಿಪ್ಪಣಿಗಳನ್ನು ಮತ್ತೊಮ್ಮೆ ಓದಿದೆ. ಹ್ಯಾಮೆಟ್ ಬರೆದದ್ದು ಈ ಪತ್ರಿಕೆಗೇ. ಎಚ್. ಎಲ್. ಮೆಂಕನ್ ಮತ್ತು ಜಾರ್ಜ್ ಜೀನ್ ನೇಥನ್ 1920ರಲ್ಲಿ ತಮ್ಮ ಸಾಹಿತ್ಯ ಪತ್ರಿಕೆಯ ನಷ್ಟ ತುಂಬಿಸಿಕೊಳ್ಳಲು ಹುಟ್ಟುಹಾಕಿ, ಬೇಗನೆ ಮಾರಿಬಿಟ್ಟ ಅಗ್ಗದ ಕಾಗದದ ಪತ್ರಿಕೆ ಅದು. 1923ರ ಜೂನ್‌ನಲ್ಲಿ ಅದು ಕೂ ಕ್ಲಕ್ಸ್ ಕ್ಲಾನ್ ವಿಶೇಷ ಸಂಚಿಕೆಯನ್ನು ತಂದಿತು. ಬಿಳಿಯರ ಆ ಗುಪ್ತ ಪಡೆಗೆ ಆಗ ದೇಶದ ತುಂಬ ಲಕ್ಷಾಂತರ ಸದಸ್ಯರಿದ್ದರು. ಸಂಪಾದಕರು ಪರ ವಿರೋಧ ಎರಡಕ್ಕೂ ಜಾಗ ಕೊಟ್ಟು ವ್ಯಾಪಾರದ ಜಾಣತನ ತೋರಿದರು; ಅದೇ ಸಂಚಿಕೆಯಲ್ಲಿ ಕ್ಯಾರಲ್ ಜಾನ್ ಡೇಲಿ ತನ್ನ ಪತ್ತೇದಾರ ರೇಸ್ ವಿಲಿಯಮ್ಸನನ್ನು ಮೊದಲ ಸಲ ಕರೆತಂದು ಕ್ಲಾನ್‌ನವರ ಮೇಲೆ ಬಿಟ್ಟ. ಬರಹ ಒರಟು, ಬಂದೂಕು ಜಾಸ್ತಿ. ಆದರೂ ಈ ಪ್ರಕಾರ ಹುಟ್ಟಿದ ಗಳಿಗೆಯಲ್ಲೇ ರಾಜಕೀಯ ಅದರ ಕೋಣೆಯೊಳಗೆ ಬಂದು ಕುಳಿತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಎರಡನೆಯ ದಿನ: ಪೋಸ್ಟ್ ಸ್ಟ್ರೀಟ್, ಚೈನಾಟೌನ್

ಪೋಸ್ಟ್ ಸ್ಟ್ರೀಟಿನ 891ನೆಯ ಸಂಖ್ಯೆಯ ಮೂಲೆ ಮನೆಯ ಗೋಡೆಗೆ ಹ್ಯಾಮೆಟ್ ಇಲ್ಲಿದ್ದನೆಂಬ ಫಲಕ ಹಾಕಿದ್ದಾರೆ. 'ರೆಡ್ ಹಾರ್ವೆಸ್ಟ್', 'ದಿ ಮಾಲ್ಟೀಸ್ ಫಾಲ್ಕನ್' ಎರಡನ್ನೂ ಬರೆದದ್ದು ಈ ಮನೆಯ ಒಂದು ಪುಟ್ಟ ಕೋಣೆಯಲ್ಲಿ. ಅಲ್ಲಿಂದ ನಡೆದುಕೊಂಡೇ ಹೋದರೆ ಬುಷ್ ಸ್ಟ್ರೀಟಿನ ಪಕ್ಕದ ಬರಿಟ್ ಓಣಿ ಸಿಗುತ್ತದೆ. 'ದಿ ಮಾಲ್ಟೀಸ್ ಫಾಲ್ಕನ್'ನ ಪತ್ತೇದಾರ ಸ್ಯಾಮ್ ಸ್ಪೇಡನ ಪಾಲುದಾರ ಸತ್ತದ್ದು ಸುಮಾರು ಇದೇ ಜಾಗದಲ್ಲಿ ಎಂದು, ಕೊಂದವಳ ಹೆಸರನ್ನೂ ಸೇರಿಸಿ, ಕಂಚಿನ ಫಲಕ ನೆಟ್ಟಿದ್ದಾರೆ. ಓದದವರಿಗೆ ಕೊನೆಯ ಗುಟ್ಟನ್ನು ಬೀದಿಯಲ್ಲೇ ಬಿಚ್ಚಿಡುವ ಇಂಥ ಸ್ಮಾರಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚೈನಾಟೌನಿಗೆ ಹೋದಾಗ ಮನಸ್ಸು ಕಸಿವಿಸಿಗೊಂಡಿತು. ಚೀನೀ ಕೂಲಿಗಳು ಅಮೆರಿಕಕ್ಕೆ ಬರದಂತೆ 1882ರಲ್ಲಿ ಮಾಡಿದ ಕಾನೂನು ರದ್ದಾದದ್ದು 1943ರಲ್ಲಿ. ಆ ನಡುವಿನ 1925ರಲ್ಲಿ ಹ್ಯಾಮೆಟ್ ಈ ಬೀದಿಗಳನ್ನೇ ಇಟ್ಟುಕೊಂಡು ಬರೆದ ನೀಳ್ಗತೆಯಲ್ಲಿ ರಹಸ್ಯದ ಬಾಗಿಲುಗಳು, ಕತ್ತಲ ಮೆಟ್ಟಿಲುಗಳು, ಅತಿ ವಿನಯದ ಮಾತನಾಡುವ ಚೀನೀ ಮುಖಂಡ, ಎಲ್ಲವೂ ಇವೆ. ಅವನು ಅದನ್ನು ಅರ್ಧ ತಮಾಷೆಯಾಗಿ, ಆ ಕಾಲದ ಹಳಸಲು ಕತೆಗಳನ್ನು ಅಣಕಿಸುತ್ತ ಬರೆದನೆಂದು ಸಮರ್ಥಿಸುವವರಿದ್ದಾರೆ. ನಾನು ಒಪ್ಪಲಾರೆ. ಅಣಕಿಸುವವನೂ ಆ ಸರಕನ್ನೇ ಮಾರಿ ದುಡ್ಡು ಎಣಿಸಿಕೊಂಡ. 'ರೆಡ್ ಹಾರ್ವೆಸ್ಟ್'ನಲ್ಲಿ ಗಣಿಯ ಒಡೆಯನನ್ನು ಅಷ್ಟು ನಿಚ್ಚಳವಾಗಿ ಕಂಡ ಕಣ್ಣಿಗೆ ಪಕ್ಕದ ಬೀದಿಯ ಲಾಂಡ್ರಿಯವನು ಕಾಣಲಿಲ್ಲ. ಈ ಮಾತು ಏಳನೆಯ ದಿನ ಮತ್ತೆ ಬರುತ್ತದೆ.

ಮೂರನೆಯ ದಿನ: ಬ್ಯೂಟ್‌ಗೆ

ಮಗಳು ಕೆಲಸಕ್ಕೆ ಹಿಂದಿರುಗಿದಳು. ನಾನೊಬ್ಬನೇ ಸಾಲ್ಟ್ ಲೇಕ್ ಸಿಟಿಯಲ್ಲಿ ವಿಮಾನ ಬದಲಿಸಿ ಮೊಂಟಾನಾ ರಾಜ್ಯದ ಬ್ಯೂಟ್ ಪಟ್ಟಣಕ್ಕೆ ಹೊರಟೆ. ನನ್ನ ಪೆಟ್ಟಿಗೆ ಮಾತ್ರ ನನ್ನೊಂದಿಗೆ ಹೊರಡಲಿಲ್ಲ, ಮರುದಿನ ಬಂತು. ಹೀಗಾಗಿ ಸೆಪ್ಟೆಂಬರ್ ಕೊನೆಯ ಆ ಚಳಿಯಲ್ಲಿ ಒಂದೇ ಸ್ವೆಟರಿನಲ್ಲಿ ರಾತ್ರಿ ಕಳೆದೆ.

'ರೆಡ್ ಹಾರ್ವೆಸ್ಟ್' ಕೈಚೀಲದಲ್ಲಿದ್ದದ್ದು ಪುಣ್ಯ. 1927ರ ನವೆಂಬರಿನಿಂದ ನಾಲ್ಕು ಕಂತುಗಳಲ್ಲಿ 'ಬ್ಲ್ಯಾಕ್ ಮಾಸ್ಕ್'ನಲ್ಲಿ ಬಂದು, 1929ರಲ್ಲಿ ಪುಸ್ತಕವಾದ ಇದರಲ್ಲಿ ಊರಿನ ಹೆಸರು ಪರ್ಸನ್‌ವಿಲ್. ಜನರ ಬಾಯಲ್ಲಿ ಅದು ಪಾಯ್ಸನ್‌ವಿಲ್, ಅಂದರೆ ವಿಷಪುರಿ. ಆ ಅಡ್ಡಹೆಸರನ್ನು ತಾನು ಮೊದಲು ಕೇಳಿದ್ದು ಬ್ಯೂಟ್‌ನ ಹೆಂಡದಂಗಡಿಯಲ್ಲಿ ಎಂದು ಹೆಸರಿಲ್ಲದ ಪತ್ತೇದಾರ ಮೊದಲ ವಾಕ್ಯದಲ್ಲೇ ಹೇಳುತ್ತಾನೆ. ಊರಿಗೆ ಬಂದಿಳಿದಾಗ ಅವನಿಗೆ ಎದುರಾಗುವ ಮೊದಲ ಪೊಲೀಸನಿಗೆ ಕ್ಷೌರವಾಗಿಲ್ಲ, ಎರಡನೆಯವನ ಸಮವಸ್ತ್ರದ ಗುಂಡಿಗಳು ಕಿತ್ತುಹೋಗಿವೆ, ಮೂರನೆಯವನು ನಡುಬೀದಿಯಲ್ಲಿ ಬಾಯಿಗೆ ಚುಟ್ಟಾ ಇಟ್ಟುಕೊಂಡು ವಾಹನಗಳನ್ನು ನಿಯಂತ್ರಿಸುತ್ತಿದ್ದಾನೆ. ಅಲ್ಲಿಂದಾಚೆ ಪೊಲೀಸರನ್ನು ಗಮನಿಸುವುದನ್ನೇ ಅವನು ಬಿಡುತ್ತಾನೆ. ಒಂದು ಆಡಳಿತದ ದುರವಸ್ಥೆಯನ್ನು ಮೂರು ಅಂಗಿಗಳಲ್ಲಿ ಮುಗಿಸಿದ ಈ ಪರಿಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಓದಿ ಹೇಳಿದ್ದೇನೋ.

ಆ ಊರು ಎಲಿಹು ವಿಲ್ಸನ್ ಎಂಬ ಮುದುಕನದು. ಗಣಿ ಕಂಪನಿ ಅವನದು, ಬ್ಯಾಂಕು ಅವನದು, ಬೆಳಗಿನ ಪತ್ರಿಕೆ ಅವನದು, ಸಂಜೆಯ ಪತ್ರಿಕೆಯೂ ಅವನದೇ. 1921ರಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅವನು ಗೂಂಡಾಗಳನ್ನು ಕರೆಸಿದ. ಎಂಟು ತಿಂಗಳಾದ ಮೇಲೆ ಮುಷ್ಕರ ಮುರಿಯಿತು, ಗೂಂಡಾಗಳು ವಾಪಸು ಹೋಗಲಿಲ್ಲ. ಕೆಲಸಕ್ಕೆ ಬಂದವರು ಪಾಲು ಕೇಳಿದರು. ಮದ್ಯನಿಷೇಧದ ಕಾಲವಾದ್ದರಿಂದ ಕಳ್ಳಹೆಂಡ, ಜೂಜು, ಪೊಲೀಸು, ಎಲ್ಲವನ್ನೂ ಹಂಚಿಕೊಂಡು ಕುಳಿತರು. ವಿಮಾನ ಇಳಿಯುವಾಗ ಕಿಟಕಿಯಾಚೆ ಗುಡ್ಡದ ಮೇಲೆ ಗಣಿಬಾವಿಗಳ ಉಕ್ಕಿನ ಗೋಪುರಗಳು ಕೆಂಪು ದೀಪ ಹೊತ್ತು ನಿಂತಿದ್ದವು. ನಮ್ಮ ಕೆಜಿಎಫ್‌ನಲ್ಲಿ ಶಾಫ್ಟಿನ ಮೇಲೆ ನಿಂತ ಗೋಪುರಗಳ ಸೋದರಸಂಬಂಧಿಗಳೇ ಅವು, ಅಲಂಕಾರದ ದೀಪ ಮಾತ್ರ ನಮ್ಮಲ್ಲಿಲ್ಲ.

ನಾಲ್ಕನೆಯ ದಿನ: ಬ್ಯೂಟ್

ಬೆಳಗಿನ ತಿಂಡಿಗೆ ಹೋಟೆಲಿನ ಪಕ್ಕದ ಅಂಗಡಿಯಲ್ಲಿ ಪೇಸ್ಟಿ ಎಂಬ, ಕರಿಗಡುಬಿನ ಆಕಾರದ ತಿನಿಸು ಸಿಕ್ಕಿತು. ಒಳಗೆ ಮಾಂಸದ ಬದಲು ಬರೀ ಆಲೂಗಡ್ಡೆ ಹಾಕಿಕೊಡಲಾಗುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯಾಕೆ ನನ್ನನ್ನು ಕನಿಕರದಿಂದ ನೋಡಿದಳು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬುತ್ತಿಯಾಗಿ ಕಟ್ಟಿಕೊಳ್ಳುತ್ತಿದ್ದ ತಿನಿಸು ಅದು. ಅದೇ ಸೀಮೆಯವರು ಜಾನ್ ಟೇಲರ್ ಕಂಪನಿಯ ಜೊತೆ ಕೋಲಾರದ ಚಿನ್ನದ ಗಣಿಗೂ ಬಂದಿದ್ದರು. ನಮ್ಮ ಚಿಕ್ಕಪ್ಪ ಅಲ್ಲಿ ಗುಮಾಸ್ತರಾಗಿದ್ದರು. ಕಂಪನಿಯ ಆಸ್ಪತ್ರೆ, ಕಂಪನಿಯ ಶಾಲೆ, ಕಂಪನಿಯ ಲೈನು ಮನೆ ಎಂಬ ಮಾತುಗಳನ್ನು ಕೇಳುತ್ತ ಬೆಳೆದವನಿಗೆ ಎಲಿಹು ವಿಲ್ಸನ್‌ನನ್ನು ಅರ್ಥಮಾಡಿಕೊಳ್ಳಲು ಹೆಚ್ಚು ಕಷ್ಟಪಡಬೇಕಿಲ್ಲ.

ಇಲ್ಲಿಯ ಕಂಪನಿ ಅನಕೊಂಡಾ ತಾಮ್ರದ ಗಣಿ ಕಂಪನಿ. ಅದರ ಒಡೆತನ ನೆಲದ ಕೆಳಗಷ್ಟೇ ಇರಲಿಲ್ಲ. ಮೊಂಟಾನಾದ ಬಹುಪಾಲು ದಿನಪತ್ರಿಕೆಗಳು ಅದರ ಕೈಯಲ್ಲಿದ್ದವು, ಅವನ್ನು ಅದು ಮಾರಿದ್ದು 1959ರಲ್ಲಿ. ರಾಜ್ಯದ ಕೊರಳಿಗೆ ತಾಮ್ರದ ಪಟ್ಟಿ ಬಿಗಿದಿದೆ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಕಾದಂಬರಿಯ ಎರಡು ಪತ್ರಿಕೆಗಳ ಒಡೆಯ ಅತಿಶಯೋಕ್ತಿಯೆಂದು ನಾನು ಒಂದು ಕಾಲದಲ್ಲಿ ತಿಳಿದಿದ್ದೆ. ವಾಸ್ತವಕ್ಕಿಂತ ಅವನು ಸಣ್ಣವನು. ಹ್ಯಾಮೆಟ್‌ಗೆ ಇದನ್ನೆಲ್ಲ ಹೇಳಲು ಮನೆಯಲ್ಲೇ ಜನವಿತ್ತು. 1921ರಲ್ಲಿ ಅವನು ಮದುವೆಯಾದ ನರ್ಸ್ ಜೋಸ್ ಡೋಲನ್ ಬೆಳೆದದ್ದು ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ, ತಾಮ್ರ ಕರಗಿಸುವ ಕುಲುಮೆಯ ಊರಾದ ಅನಕೊಂಡಾದಲ್ಲಿ.

ಮೊದಲು ಗ್ರಾನೈಟ್ ಮೌಂಟನ್ ಸ್ಮಾರಕಕ್ಕೆ ಹೋದೆ. 1917ರ ಜೂನ್ 8ರ ರಾತ್ರಿ ಗಣಿಯೊಳಗೆ ಇಳಿಬಿಟ್ಟಿದ್ದ ವಿದ್ಯುತ್ ಕೇಬಲ್ಲಿನ ಎಣ್ಣೆ ಹಚ್ಚಿದ ಹೊದಿಕೆಗೆ ಕಾರ್ಬೈಡ್ ದೀಪದ ಕಿಡಿ ತಾಗಿ ಬೆಂಕಿ ಹತ್ತಿತು. ಆ ಕೇಬಲ್ಲನ್ನು ಇಳಿಸುತ್ತಿದ್ದದ್ದು ಬೆಂಕಿ ನಂದಿಸುವ ವ್ಯವಸ್ಥೆಯ ಸಲುವಾಗಿ. 168 ಜನ ಸತ್ತರು. ಸುರಂಗಗಳನ್ನು ಬೇರ್ಪಡಿಸುವ ಕಾಂಕ್ರೀಟ್ ಗೋಡೆಗಳಲ್ಲಿ ಕಾನೂನಿನಂತೆ ಇರಬೇಕಾಗಿದ್ದ ಬಾಗಿಲುಗಳಿರಲಿಲ್ಲ. ಅನೇಕರು ಅಲ್ಲಿಗೆ ಓಡಿ ಬಂದು ಗೋಡೆ ತಡವುತ್ತ ಸತ್ತರು. ಸಾಯುವ ಮುನ್ನ ಕೆಲವರು ಹೆಂಡತಿಯರಿಗೆ ಬರೆದ ಚೀಟಿಗಳ ಮಾತುಗಳನ್ನು ಸ್ಮಾರಕದಲ್ಲಿ ಓದಬಹುದು. ನಾನು ಒಂದನ್ನು ಓದಿ ಉಳಿದದ್ದನ್ನು ಬಿಟ್ಟೆ. ಈ ಗಣಿ ಅನಕೊಂಡಾ ಕಂಪನಿಯದಲ್ಲ, ನಾರ್ತ್ ಬ್ಯೂಟ್ ಕಂಪನಿಯದು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಇದಾದೊಡನೆ ಎದ್ದ ಮುಷ್ಕರ ಇಡೀ ಗುಡ್ಡಕ್ಕೆ ಹಬ್ಬಿತು.

ಆ ಮುಷ್ಕರಕ್ಕೆ ಬಲ ಕೊಡಲು ಬಂದವನು ಫ್ರ್ಯಾಂಕ್ ಲಿಟಲ್. ಐಡಬ್ಲ್ಯೂಡಬ್ಲ್ಯೂ ಎಂಬ ಕಾರ್ಮಿಕ ಒಕ್ಕೂಟದ ಸಂಘಟಕ, ಕಾಲು ಮುರಿದು ಊರುಗೋಲಿನ ಮೇಲೆ ಓಡಾಡುತ್ತಿದ್ದವನು. 1917ರ ಆಗಸ್ಟ್ 1ರ ನಸುಕಿನಲ್ಲಿ ಮುಖವಾಡ ಹಾಕಿದ ಆರು ಜನ ಅವನನ್ನು ಬಾಡಿಗೆ ಕೋಣೆಯಿಂದ ಎಳೆದೊಯ್ದು, ಊರಾಚೆಯ ರೈಲು ಸೇತುವೆಗೆ ನೇಣು ಹಾಕಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಮೌಂಟನ್ ವ್ಯೂ ಸ್ಮಶಾನದಲ್ಲಿ ಅವನ ಸಮಾಧಿಯನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಬಂಡವಾಳಶಾಹಿ ಹಿತಾಸಕ್ತಿಗಳು ಇವನನ್ನು ಕೊಂದವೆಂದು, ತನ್ನಂಥವರನ್ನು ಸಂಘಟಿಸಿದ್ದೇ ಕಾರಣವೆಂದು ಕಲ್ಲಿನ ಮೇಲೆ ನೇರವಾಗಿ ಕೆತ್ತಿದ್ದಾರೆ. ಪತ್ತೇದಾರಿ ಕಾದಂಬರಿಯ ಕೊನೆಯ ಪುಟದಲ್ಲಿ ಬರಬೇಕಾದ ಕೊಲೆಗಾರನ ಹೆಸರು ಇಲ್ಲಿ ಗೋರಿಗಲ್ಲಿನ ಮೇಲಿದೆ. ಹಿಡಿಯಲು ಬೇಕಾದ ಪೊಲೀಸರು ಮಾತ್ರ ಇರಲಿಲ್ಲ. ಕಲ್ಲಿನ ಬುಡದಲ್ಲಿ ಯಾರೋ ನಾಣ್ಯಗಳನ್ನು ಇಟ್ಟುಹೋಗಿದ್ದರು.

ಲಿಟಲ್‌ನನ್ನು ಕೊಲ್ಲಲು ಕಂಪನಿಯ ಅಧಿಕಾರಿಯೊಬ್ಬ ತನಗೆ 5,000 ಡಾಲರ್ ಕೊಡಲು ಮುಂದಾಗಿದ್ದನೆಂದು ಹ್ಯಾಮೆಟ್ ಹೇಳುತ್ತಿದ್ದನೆಂಬುದು ಅವನ ಜೊತೆ ದೀರ್ಘಕಾಲ ಬಾಳಿದ ನಾಟಕಕಾರ್ತಿ ಲಿಲಿಯನ್ ಹೆಲ್‌ಮನ್ 1976ರಲ್ಲಿ ಬರೆದ ಮಾತು. ಆಕೆಯ ನೆನಪುಗಳನ್ನು ಎಲ್ಲರೂ ನಂಬುವುದಿಲ್ಲ, ಹ್ಯಾಮೆಟ್ ಆಗ ಬ್ಯೂಟ್‌ನಲ್ಲಿದ್ದನೆಂಬುದಕ್ಕೆ ಬೇರೆ ಆಧಾರವನ್ನು ಜೀವನಚರಿತ್ರೆಕಾರರು ಕೊಟ್ಟಿಲ್ಲ. ನನಗೆ ಈ ಕತೆ ನಿಜವಾಗಿರಬೇಕಾದ ಅಗತ್ಯವೂ ಕಾಣುವುದಿಲ್ಲ. ಪಿಂಕರ್ಟನ್ ಆಳೊಬ್ಬನಿಗೆ ಅಂಥ ಕೇಳಿಕೆ ಬರಬಹುದಾಗಿತ್ತು ಎಂಬುದನ್ನು ಆ ಕಾಲದ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಕಾದಂಬರಿಗೆ ಅಷ್ಟು ಸಾಕು. 1920ರ ಏಪ್ರಿಲ್ 21ರಂದು ಅನಕೊಂಡಾ ರಸ್ತೆಯಲ್ಲಿ ಪಿಕೆಟಿಂಗ್‌ಗೆ ನಿಂತಿದ್ದ ಗಣಿಗಾರರ ಮೇಲೆ ಕಂಪನಿಯ ಕಾವಲುಗಾರರು ಗುಂಡು ಹಾರಿಸಿ, ಓಡುತ್ತಿದ್ದವರ ಬೆನ್ನಿಗೂ ಗುಂಡು ತಗುಲಿದ ಘಟನೆಯನ್ನಂತೂ ಯಾರ ನೆನಪಿನ ಮೇಲೂ ನಿಲ್ಲಿಸಬೇಕಿಲ್ಲ.

ಮಧ್ಯಾಹ್ನ ಬರ್ಕ್ಲಿ ಪಿಟ್ ನೋಡಿದೆ. ಸುರಂಗಗಳು ಸಾಲದೆ 1955ರಲ್ಲಿ ಗುಡ್ಡವನ್ನೇ ಮೇಲಿನಿಂದ ತೋಡಲು ಶುರುಮಾಡಿ, ಇಟಾಲಿಯನ್ನರ ಮೀಡರ್‌ವಿಲ್‌ನಂಥ ಕೇರಿಗಳನ್ನು ನುಂಗಿ, 1982ರಲ್ಲಿ ಕೈಬಿಟ್ಟ ಹಳ್ಳ ಅದು. ಪಂಪುಗಳನ್ನು ನಿಲ್ಲಿಸಿದ ಮೇಲೆ ನೀರು ತುಂಬಿತು. ಆಮ್ಲ ಮತ್ತು ಲೋಹಗಳ ನೀರು. 1995ರಲ್ಲಿ ವಲಸೆ ಬಂದ ಬಿಳಿ ಬಾತುಗಳ ಹಿಂಡು ಕೆರೆಯೆಂದು ತಿಳಿದು ಇಳಿದು, 342 ಹಕ್ಕಿಗಳು ಸತ್ತವು. ವಿಷಪುರಿ ಎಂಬುದು 1927ರಲ್ಲಿ ರೂಪಕ. ಟಿಕೆಟ್ ಕೊಂಡು ಕಟಕಟೆ ಹಿಡಿದು ನಿಂತ ನನ್ನೆದುರು ಅದು ಕಂದು ಬಣ್ಣದ ನೀರು. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಧೂಳು ಬೇಸಿಗೆಯಲ್ಲಿ ನಮ್ಮ ಚಿಕ್ಕಪ್ಪನ ಮನೆಯ ನೀರಿನ ಹಂಡೆಯ ಮೇಲೆ ಕೂರುತ್ತಿದ್ದುದು ನೆನಪಾಯಿತು.

ರಾತ್ರಿ ಕೋಣೆಗೆ ಬಂದು, ಅಂತೂ ಬಂದಿದ್ದ ಪೆಟ್ಟಿಗೆಯಿಂದ ಇನ್ನೊಂದು ಸ್ವೆಟರ್ ತೆಗೆದು ಹಾಕಿಕೊಂಡು, ಕಾದಂಬರಿಯ ಕೊನೆಯ ಅಧ್ಯಾಯಗಳನ್ನು ಮತ್ತೆ ಓದಿದೆ. ಇದರ ರಚನೆಯಲ್ಲೇ ಒಂದು ವಾದವಿದೆ. ಕತೆಗೆ ಕಾರಣವಾದ ಕೊಲೆ, ಎಲಿಹುವಿನ ಮಗನ ಕೊಲೆ, ಪುಸ್ತಕ ಅರ್ಧಕ್ಕೆ ಬರುವ ಮೊದಲೇ ಬಗೆಹರಿಯುತ್ತದೆ. ಕೊಂದವನು ಹೊಟ್ಟೆಕಿಚ್ಚಿನ ಒಬ್ಬ ಬ್ಯಾಂಕ್ ಗುಮಾಸ್ತ. ರಾಜಕೀಯಕ್ಕೂ ಆ ಕೊಲೆಗೂ ಸಂಬಂಧವೇ ಇಲ್ಲ. ಮಾಮೂಲಿ ಕತೆಗಾರ ಅಲ್ಲಿಗೆ ಮುಗಿಸುತ್ತಿದ್ದ. ಇಲ್ಲಿ ಪತ್ತೇದಾರ ಊರು ಬಿಡುವುದಿಲ್ಲ, ಎಲಿಹುವಿನಿಂದಲೇ 10,000 ಡಾಲರ್‌ಗಳ ಚೆಕ್ಕು ಬರೆಸಿಕೊಂಡು ಊರನ್ನು ಗುಡಿಸಲು ನಿಲ್ಲುತ್ತಾನೆ, ಒಂದು ಗುಂಪಿನ ಮೇಲೆ ಇನ್ನೊಂದನ್ನು ಎತ್ತಿಕಟ್ಟಿ ಹೆಣಗಳ ರಾಶಿ ಹಾಕಿಸುತ್ತಾನೆ, ಕೊಲೆಯ ರುಚಿ ತನಗೂ ಹತ್ತಿತೆಂದು ಹೆದರುತ್ತಾನೆ. ಕೊನೆಗೆ ಸೈನ್ಯ ಬಂದು ಊರು ಸ್ವಚ್ಛವಾಗಿ ಯಾರ ಕೈಗೆ ಸೇರುತ್ತದೆ? ಎಲಿಹು ವಿಲ್ಸನ್‌ನ ಕೈಗೆ. ಮತ್ತೆ ನಾಯಿಪಾಲಾಗಲು ಸಿದ್ಧವಾದ ಚೊಕ್ಕಟ ಊರು ಅದೆಂದು ಪತ್ತೇದಾರ ಅವನ ಮುಖಕ್ಕೇ ಹೇಳಿ ಹೋಗುತ್ತಾನೆ. ಕ್ರಾಂತಿಯ ಕರೆಯೂ ಇಲ್ಲ, ಸುಧಾರಣೆಯ ಭರವಸೆಯೂ ಇಲ್ಲ. ಎಡಪಂಥದ ವಿಮರ್ಶಕರಲ್ಲಿ ಕೆಲವರಿಗೆ ಇದು ಕೊರತೆಯಾಗಿ ಕಂಡಿದೆ. ನನಗೆ ಇದೇ ಈ ಪುಸ್ತಕದ ಪ್ರಾಮಾಣಿಕತೆ. ಸಂಬಳದ ಆಳು ಒಡೆಯನನ್ನು ಇಳಿಸಲಾರ, ಲೆಕ್ಕ ಬರೆದಿಡಬಲ್ಲ.

ಬರೆದವನು ಮಾತ್ರ ಮುಂದೆ ಆಳಾಗಿ ಉಳಿಯಲಿಲ್ಲ. ಕಮ್ಯುನಿಸ್ಟರ ಜಾಮೀನು ನಿಧಿಗೆ ಹಣ ಕೊಟ್ಟವರ ಹೆಸರು ಹೇಳಲು ನಿರಾಕರಿಸಿ 1951ರಲ್ಲಿ ಜೈಲಿಗೆ ಹೋದ. 1953ರಲ್ಲಿ, ಕಮ್ಯುನಿಸ್ಟರ ಬೇಟೆಗೆ ಇಳಿದಿದ್ದ ಸೆನೆಟರ್ ಮೆಕಾರ್ಥಿ ತನ್ನ ಸಮಿತಿಯ ಮುಂದೆ ಕೂರಿಸಿ ಪ್ರಶ್ನಿಸಿದ. ವಿದೇಶಗಳಲ್ಲಿದ್ದ ಅಮೆರಿಕನ್ ಸರ್ಕಾರಿ ಗ್ರಂಥಾಲಯಗಳಿಂದ ಅವನ ಪುಸ್ತಕಗಳನ್ನು ತೆಗೆದರು. ಎರಡೂ ಮಹಾಯುದ್ಧಗಳಲ್ಲಿ ಸೈನ್ಯದಲ್ಲಿದ್ದವನಾದ್ದರಿಂದ 1961ರಲ್ಲಿ ಸತ್ತಾಗ ಅದೇ ಸರ್ಕಾರದ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಜಾಗ ಸಿಕ್ಕಿತು.

ಐದನೆಯ ದಿನ: ಲಾಸ್ ಏಂಜಲಿಸ್

ಬೆಳಗಿನ ವಿಮಾನ, ಮತ್ತೆ ಸಾಲ್ಟ್ ಲೇಕ್ ಸಿಟಿ, ಮಧ್ಯಾಹ್ನ ಲಾಸ್ ಏಂಜಲಿಸ್‌ನ ಬಿಸಿಲು. ಸಿಟಿ ಹಾಲ್ ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತು ಅದರ ಬಿಳಿ ಗೋಪುರವನ್ನು ನೋಡಿದೆ. 1930ರ ದಶಕದಲ್ಲಿ ಇಲ್ಲಿ ಮೇಯರ್ ಫ್ರ್ಯಾಂಕ್ ಶಾ ಇದ್ದ. ಅವನ ತಮ್ಮ ಜೋ ಶಾ ಪೊಲೀಸ್ ಹುದ್ದೆಗಳ ವ್ಯಾಪಾರ ನಡೆಸುತ್ತಿದ್ದನೆಂಬುದು ಊರಿಗೆಲ್ಲ ತಿಳಿದಿತ್ತು. ('ಬ್ಲ್ಯಾಕ್ ಮಾಸ್ಕ್'ನ ಖ್ಯಾತ ಸಂಪಾದಕನ ಹೆಸರೂ ಜೋಸೆಫ್ ಶಾ. ಇಬ್ಬರಿಗೂ ನಂಟಿಲ್ಲ, ಕಾದಂಬರಿಕಾರ ಹೀಗೆ ಹೆಸರಿಟ್ಟಿದ್ದರೆ ನಾವು ಒಪ್ಪುತ್ತಿರಲಿಲ್ಲ.) ಜೂಜುಕಟ್ಟೆ, ಸೂಳೆಗೇರಿಗಳ ರಕ್ಷಣೆಯ ವ್ಯವಹಾರವನ್ನು ಬಯಲಿಗೆಳೆಯಲು ಹೊರಟ ಹೋಟೆಲ್ ಮಾಲೀಕ ಕ್ಲಿಫರ್ಡ್ ಕ್ಲಿಂಟನ್‌ನ ಮನೆಯಲ್ಲಿ 1937ರ ಅಕ್ಟೋಬರಿನಲ್ಲಿ ಬಾಂಬ್ ಸಿಡಿಯಿತು. 1938ರ ಜನವರಿ 14ರಂದು, ಅದೇ ತನಿಖೆಯಲ್ಲಿ ತೊಡಗಿದ್ದ ಮಾಜಿ ಪೊಲೀಸ್ ಹ್ಯಾರಿ ರೇಮಂಡ್ ಕಾರು ಚಾಲೂ ಮಾಡಿದಾಗ ಇನ್ನೊಂದು ಬಾಂಬ್. ನೂರಕ್ಕೂ ಹೆಚ್ಚು ಚೂರುಗಳು ಹೊಕ್ಕಿದ ಮೈಯಲ್ಲೂ ಆತ ಬದುಕಿದ. ಅಪರಾಧಿಯೆಂದು ಸಾಬೀತಾದವನು ಪೊಲೀಸ್ ಇಲಾಖೆಯ ಗುಪ್ತದಳದ ಕ್ಯಾಪ್ಟನ್ ಅರ್ಲ್ ಕೈನೆಟ್. ಆ ಸೆಪ್ಟೆಂಬರಿನಲ್ಲಿ ಮತದಾರರು ಮತ ಹಾಕಿ ಮೇಯರನನ್ನು ಹುದ್ದೆಯಿಂದ ಇಳಿಸಿದರು. ಹ್ಯಾಮೆಟ್‌ನ ದಾರಿಯಲ್ಲೇ ಪತ್ತೇದಾರಿ ಬರೆದ ರೇಮಂಡ್ ಚಾಂಡ್ಲರನ ಮೊದಲ ಕಾದಂಬರಿ 'ದಿ ಬಿಗ್ ಸ್ಲೀಪ್' ಹೊರಬಂದದ್ದು 1939ರ ಆರಂಭದಲ್ಲಿ, ಅಂದರೆ ಈ ಹೊಗೆ ಇನ್ನೂ ಆರದಿರುವಾಗ. ಚಾಂಡ್ಲರ್ ಉತ್ಪ್ರೇಕ್ಷೆ ಮಾಡಿದ ಎನ್ನುವವರು ಆ ವರ್ಷಗಳ ಸುದ್ದಿಪತ್ರಿಕೆಗಳನ್ನು ಓದಬೇಕು.

ಸಂಜೆ ಬಂಕರ್ ಹಿಲ್ ಹತ್ತಿದೆ. ಚಾಂಡ್ಲರ್ ಬರೆದ ಹಳೆಯ ಮರದ ಮಹಲುಗಳ, ಬಾಡಿಗೆ ಕೋಣೆಗಳ ಬಡ ಗುಡ್ಡವನ್ನು 1950ರ ದಶಕದ ಕೊನೆಯಿಂದ ಪುನರ್ನಿರ್ಮಾಣದ ಹೆಸರಿನಲ್ಲಿ ಸಪಾಟು ಮಾಡಿದರು. ಈಗ ಗಾಜಿನ ಗೋಪುರಗಳಿವೆ. 1901ರ ಏಂಜಲ್ಸ್ ಫ್ಲೈಟ್ ಎಂಬ ಇಳಿಜಾರು ರೈಲು ಮಾತ್ರ ಮೂಲ ಜಾಗದಿಂದ ಸ್ವಲ್ಪ ಸರಿದು ಇನ್ನೂ ಓಡುತ್ತದೆ. ಒಂದೇ ನಿಮಿಷದ ಸವಾರಿ.

ಆರನೆಯ ದಿನ: ಬೆವರ್ಲಿ ಹಿಲ್ಸ್, ಸಾಂಟಾ ಮೊನಿಕಾ

ಗ್ರೇಸ್ಟೋನ್ ಮಹಲಿನ ತೋಟಕ್ಕೆ ಪ್ರವೇಶ ಉಚಿತ. 55 ಕೋಣೆಗಳ ಈ ಕಲ್ಲುಮನೆಯನ್ನು ತೈಲದ ಧಣಿ ಎಡ್ವರ್ಡ್ ಡೊಹೀನಿ ಮಗನಿಗಾಗಿ ಕಟ್ಟಿಸಿದ. ನೌಕಾಪಡೆಗೆಂದು ಮೀಸಲಿಟ್ಟ ತೈಲಭೂಮಿಯ ಗುತ್ತಿಗೆ ಪಡೆದ ಕಾಲದಲ್ಲಿ ಇದೇ ಮಗ ಒಂದು ಕಪ್ಪು ಚೀಲದಲ್ಲಿ 1,00,000 ಡಾಲರ್ ನಗದನ್ನು ಕೇಂದ್ರ ಸಚಿವ ಆಲ್ಬರ್ಟ್ ಫಾಲ್‌ಗೆ ಮುಟ್ಟಿಸಿದ್ದ. ಲಂಚ ತೆಗೆದುಕೊಂಡದ್ದಕ್ಕೆ ಫಾಲ್‌ಗೆ ಜೈಲಾಯಿತು. ಅದೇ ಲಂಚವನ್ನು ಕೊಟ್ಟ ಆರೋಪದಿಂದ ಡೊಹೀನಿ ಖುಲಾಸೆಯಾದ. ಇಂಥ ತೀರ್ಪನ್ನು ಓದಿ ನಗದಿರಲು ನಮ್ಮ ಕಡೆಯವರಿಗೂ ಸಾಧ್ಯವಿಲ್ಲ. 1929ರ ಫೆಬ್ರವರಿ 16ರ ರಾತ್ರಿ ಮಗ ಮತ್ತು ಅವನ ಕಾರ್ಯದರ್ಶಿ ಹ್ಯೂ ಪ್ಲಂಕೆಟ್ ಈ ಮನೆಯಲ್ಲಿ ಗುಂಡೇಟಿನಿಂದ ಸತ್ತರು. ಕಾರ್ಯದರ್ಶಿ ಬುದ್ಧಿ ಕೆಟ್ಟು ಯಜಮಾನನನ್ನು ಕೊಂದು ತಾನೂ ಸತ್ತನೆಂದು ಅಧಿಕಾರಿಗಳು ಅವಸರದಲ್ಲಿ ಕಡತ ಮುಚ್ಚಿದರು. ಚಾಂಡ್ಲರನ 1942ರ 'ದಿ ಹೈ ವಿಂಡೋ'ದಲ್ಲಿ ಅವನ ಪತ್ತೇದಾರ ಫಿಲಿಪ್ ಮಾರ್ಲೋ ಹೆಸರು ಬದಲಿಸಿ ಇದೇ ಪ್ರಕರಣವನ್ನು ಪೊಲೀಸರ ಮುಂದೆ ಹೇಳಿ, ನೀವು ಸತ್ಯಕ್ಕೆ ನಿಷ್ಠರಾಗುವವರೆಗೆ ನಾನು ನನ್ನ ಕಕ್ಷಿದಾರರ ಗುಟ್ಟು ಕಾಯುತ್ತೇನೆ ಎಂಬರ್ಥದಲ್ಲಿ ವಾದಿಸುತ್ತಾನೆ. ಪತ್ತೇದಾರನ ಒರಟುತನಕ್ಕೆ ಇದು ಕಾನೂನಿನ ತಳಹದಿ.

ಚಾಂಡ್ಲರನಿಗೆ ತೈಲ ಹೊಸದಲ್ಲ. ಅವನು ಡಾಬ್ನಿ ತೈಲ ಸಂಸ್ಥೆಯಲ್ಲಿ ಉಪಾಧ್ಯಕ್ಷನ ಮಟ್ಟಕ್ಕೆ ಏರಿ, ಕುಡಿತದಿಂದಾಗಿ 1932ರಲ್ಲಿ ಕೆಲಸ ಕಳೆದುಕೊಂಡು, 44ರ ವಯಸ್ಸಿನಲ್ಲಿ ಕತೆ ಬರೆಯಲು ಕಲಿತವನು. ಹ್ಯಾಮೆಟ್ ಮುಷ್ಕರದ ಎದುರು ನಿಂತ ಕೈಯಾದರೆ, ಇವನು ಲೆಕ್ಕದ ಪುಸ್ತಕ ತೆರೆದ ಕೈ. 'ದಿ ಬಿಗ್ ಸ್ಲೀಪ್'ನ ಸ್ಟರ್ನ್‌ವುಡ್ ಮನೆಯವರು ಗುಡ್ಡದ ಮೇಲೆ ಮನೆ ಮಾಡಿದ್ದಾರೆ. ಅಲ್ಲಿಗೆ ತೈಲಬಾವಿಯ ಕೊಳೆತ ನೀರಿನ ವಾಸನೆ ಬರುವುದಿಲ್ಲ, ಆದರೆ ಮುಂದಿನ ಕಿಟಕಿಯಿಂದ ತಮ್ಮನ್ನು ಸಿರಿವಂತರನ್ನಾಗಿಸಿದ ಬಾವಿಗಳನ್ನು ಬೇಕೆಂದರೆ ನೋಡಬಹುದು, ಅವರಿಗೆ ನೋಡಲು ಮನಸ್ಸಿರಲಾರದು ಎನ್ನುತ್ತಾನೆ ಮಾರ್ಲೋ. ಗ್ರೇಸ್ಟೋನಿನ ಹೊರಾಂಗಣದಲ್ಲಿ ನಿಂತು ಕೆಳಗಿನ ಮಬ್ಬು ಊರನ್ನು ನೋಡುವಾಗ ಆ ವಾಕ್ಯ ಎಲ್ಲಿಂದ ಬಂತೆಂದು ತಿಳಿಯಿತು. ಮನೆಯ ಮಗಳೇ ಮಾಡಿದ ಕೊಲೆಯ ಹೆಣವೂ ಕೊನೆಗೆ ಆ ಬಾವಿಯ ಗುಂಡಿಯಲ್ಲೇ ಇರುತ್ತದೆ. ಮಾರ್ಲೋ ಅದನ್ನು ಕಂಡುಹಿಡಿದು ಯಾರಿಗೂ ಹೇಳುವುದಿಲ್ಲ. ಸತ್ಯ ಗೊತ್ತಾಗುತ್ತದೆ, ಹೊರಗೆ ಬರುವುದಿಲ್ಲ.

ಸಾಂಟಾ ಮೊನಿಕಾಕ್ಕೆ ಚಾಂಡ್ಲರ್ ಇಟ್ಟ ಹೆಸರು ಬೇ ಸಿಟಿ. ಕಡಲೊಳಗೆ ಚಾಚಿದ ಪಿಯರ್ ಕಟ್ಟೆಯ ತುದಿಯಲ್ಲಿ ನಿಂತರೆ 1938ರಲ್ಲಿ ಟೋನಿ ಕೊರ್ನೇರೊ ಮೂರು ಮೈಲಿಯಾಚೆ ಲಂಗರು ಹಾಕಿದ್ದ 'ರೆಕ್ಸ್' ಎಂಬ ಜೂಜಿನ ಹಡಗು ಇದ್ದ ದಿಕ್ಕು ಕಾಣುತ್ತದೆ. ರಾಜ್ಯದ ಕಾನೂನು ನೆಲದಿಂದ ಮೂರು ಮೈಲಿಗೆ ಮುಗಿಯುತ್ತದೆಂಬ ಲೆಕ್ಕ. ದೋಣಿಗಳು ಇಲ್ಲಿಂದಲೇ ಬಹಿರಂಗವಾಗಿ ಗಿರಾಕಿಗಳನ್ನು ಒಯ್ಯುತ್ತಿದ್ದವು. 1939ರ ಆಗಸ್ಟ್‌ನಲ್ಲಿ ಇಂಥ ಜೂಜಿನ ಹಡಗುಗಳನ್ನು ಮುಚ್ಚಿಸಿದ ರಾಜ್ಯದ ಅಟಾರ್ನಿ ಜನರಲ್ ಅರ್ಲ್ ವಾರನ್ ಮುಂದೆ ದೇಶದ ಮುಖ್ಯ ನ್ಯಾಯಾಧೀಶನಾದ. 'ಫೇರ್‌ವೆಲ್, ಮೈ ಲವ್ಲಿ'ಯಲ್ಲಿ ಮಾರ್ಲೋ ಆಡುವ ಒಂದು ಮಾತಿದೆ: ದೊಡ್ಡ ಊರಿನ ಒಂದು ತುಂಡನ್ನಷ್ಟೇ ಕೊಳ್ಳಲಾದೀತು, ಇಂಥ ಚಿಕ್ಕ ಊರನ್ನಾದರೆ ಡಬ್ಬಿ, ಒಳಕಾಗದ ಸಮೇತ ಇಡಿಯಾಗಿ ಕೊಳ್ಳಬಹುದು. ಅದೇ ಕಾದಂಬರಿಯಲ್ಲಿ ಬೇ ಸಿಟಿಯ ಪೊಲೀಸನೊಬ್ಬ, ಪ್ರಾಮಾಣಿಕವಾಗಿರಬೇಕೆಂದರೂ ಇರಲಾಗದು, ಕೊಳಕು ಆಟ ಆಡದಿದ್ದರೆ ಊಟವಿಲ್ಲ ಎಂದು ಅಲವತ್ತುಕೊಳ್ಳುತ್ತಾನೆ. ಖಳನ ಬಾಯಿಂದ ಬಂದ ಈ ಮಾತಿಗೆ ಮಾರ್ಲೋನ ಬಳಿ ಒಳ್ಳೆಯ ಉತ್ತರವಿಲ್ಲ. ಚಾಂಡ್ಲರನ ನಾಯಕ ತಾನೊಬ್ಬ ಕೊಳೆಯಾಗದೆ ಉಳಿಯುವುದನ್ನೇ ಪರಿಹಾರವೆಂದು ಭಾವಿಸುತ್ತಾನೆ. ಈ ವಿಷಯದಲ್ಲಿ ಹ್ಯಾಮೆಟ್ ಹೆಚ್ಚು ಕಠೋರ, ಹೆಚ್ಚು ಸರಿ ಎಂಬುದು ನನ್ನ ಪಕ್ಷಪಾತ.

ಏಳನೆಯ ದಿನ: ಸೆಂಟ್ರಲ್ ಅವೆನ್ಯೂ

'ಫೇರ್‌ವೆಲ್, ಮೈ ಲವ್ಲಿ' ಶುರುವಾಗುವುದು ಈ ರಸ್ತೆಯಲ್ಲಿ. ಕರಿಯರ ಹೆಂಡದಂಗಡಿಯೊಂದಕ್ಕೆ ದೈತ್ಯ ದೇಹದ ಬಿಳಿಯನೊಬ್ಬ ನುಗ್ಗಿ ಅಂಗಡಿ ನಡೆಸುವವನನ್ನು ಕೊಲ್ಲುತ್ತಾನೆ. ಪ್ರಕರಣ ವಹಿಸಿಕೊಂಡ ಪತ್ತೇದಾರಿ ಪೊಲೀಸನಿಗೆ ಬೇಸರ. ಕರಿಯನ ಕೊಲೆ, ಪತ್ರಿಕೆಯಲ್ಲಿ ನಾಲ್ಕು ಸಾಲೂ ಬರುವುದಿಲ್ಲ. ಇದು ತೀಕ್ಷ್ಣವಾದ ಟೀಕೆ. ಆದರೆ ಕಾದಂಬರಿಯೇ ಆ ಸತ್ತವನನ್ನು ಕೆಲವು ಪುಟಗಳಲ್ಲಿ ಮರೆತು, ಶ್ರೀಮಂತ ಬಿಳಿಯ ಹೆಣ್ಣಿನ ಬೆನ್ನು ಹತ್ತುತ್ತದೆ. ಮಾರ್ಲೋನ ಬಾಯಲ್ಲೂ ಆ ಪೊಲೀಸನದೇ ಹೀನ ಪದಗಳಿವೆ. ಟೀಕಿಸಿದವನೇ ಟೀಕೆಗೆ ಸಾಕ್ಷಿಯಾಗುವ ವಿಚಿತ್ರ ಇದು.

ಆ ಬೀದಿಯ ಒಳಗಿನಿಂದ ಬರೆಯಲು ಚೆಸ್ಟರ್ ಹೈಮ್ಸ್ ಬರಬೇಕಾಯಿತು. 1909ರಲ್ಲಿ ಹುಟ್ಟಿ, ದರೋಡೆಗಾಗಿ ಓಹಾಯೊ ಜೈಲಿನಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಅಲ್ಲೇ ಬರೆಯಲು ಕಲಿತು, ಯುದ್ಧಕಾಲದಲ್ಲಿ ಲಾಸ್ ಏಂಜಲಿಸ್‌ನ ಹಡಗುಕಟ್ಟೆಗಳಲ್ಲಿ ದುಡಿದ ಕರಿಯ ಲೇಖಕ. 1945ರ 'ಇಫ್ ಹಿ ಹಾಲರ್ಸ್ ಲೆಟ್ ಹಿಮ್ ಗೋ' ಪತ್ತೇದಾರಿಯಲ್ಲ. ಅದರ ನಾಯಕ ಬಾಬ್ ಜೋನ್ಸ್ ಹಡಗುಕಟ್ಟೆಯ ಮೇಸ್ತ್ರಿ, ಪ್ರತಿದಿನ ಹೆದರಿಕೆಯಿಂದಲೇ ಏಳುತ್ತಾನೆ. ವಿಚಾರಣೆಯಿಲ್ಲದೆ ಜಪಾನೀ ನೆರೆಯವರನ್ನು ಶಿಬಿರಗಳಿಗೆ ಒಯ್ದದ್ದನ್ನು ಕಂಡ ಮೇಲೆ ಆ ಹೆದರಿಕೆ ಅವನಲ್ಲಿ ಬೇರೂರುತ್ತದೆ. ಮಾರ್ಲೋ ಕಾರು ಓಡಿಸುವ ಊರೇ ಇದು, ರಸ್ತೆಗಳೂ ಅವೇ. ಆದರೆ ಜೋನ್ಸ್‌ಗೆ ಪ್ರತಿ ಸಿಗ್ನಲ್ಲಿನಲ್ಲೂ ಬೇರೆ ಕಾನೂನು. ಹೈಮ್ಸ್ ಮುಂದೆ ಫ್ರಾನ್ಸಿಗೆ ಹೋದ. ಅಲ್ಲಿಯ ಪ್ರಕಾಶನ ಸಂಪಾದಕ ಮಾರ್ಸೆಲ್ ದ್ಯುಆಮೆಲ್ ಒತ್ತಾಯಿಸಿದ್ದರಿಂದ ನ್ಯೂಯಾರ್ಕಿನ ಕರಿಯರ ಕೇರಿಯಾದ ಹಾರ್ಲೆಮ್‌ನ ಇಬ್ಬರು ಕರಿಯ ಪೊಲೀಸರ ಕತೆಗಳನ್ನು ಬರೆಯತೊಡಗಿದ. 1958ರಲ್ಲಿ ಫ್ರೆಂಚರು ಅವುಗಳಲ್ಲಿ ಮೊದಲನೆಯದಕ್ಕೆ ತಮ್ಮ ಪತ್ತೇದಾರಿ ಸಾಹಿತ್ಯದ ದೊಡ್ಡ ಪ್ರಶಸ್ತಿ ಕೊಟ್ಟರು. 1969ರ ಕೊನೆಯ ಕಾದಂಬರಿಯಲ್ಲಿ, ಗಲಭೆಗೆ ಪ್ರಚೋದನೆ ಕೊಟ್ಟವರು ಯಾರೆಂದು ಮೇಲಧಿಕಾರಿ ಕೇಳಿದಾಗ ಆ ಪೊಲೀಸರು ಲಿಂಕನ್ ಎನ್ನುತ್ತಾರೆ: ಉಣಿಸುವ ಏರ್ಪಾಡು ಮಾಡದೆ ನಮ್ಮನ್ನು ಬಿಡುಗಡೆ ಮಾಡಬಾರದಾಗಿತ್ತು. ಅಲ್ಲಿ ಕೊಲೆಗಳೂ ಬಗೆಹರಿಯುವುದಿಲ್ಲ. ಹ್ಯಾಮೆಟ್ ಬಿಟ್ಟುಹೋದ ಎಳೆಯನ್ನು ಅದು ಹೋಗಬೇಕಾದಲ್ಲಿಗೆ ಒಯ್ದವನು ಹೈಮ್ಸ್. ಅವನನ್ನು ನಾನು ಇಷ್ಟು ತಡವಾಗಿ ಓದಿದೆನೆಂಬುದಕ್ಕೆ ನಮ್ಮ ಪಠ್ಯಕ್ರಮವನ್ನು ದೂರುವುದಕ್ಕಿಂತ ನನ್ನ ಸೋಮಾರಿತನವನ್ನೇ ದೂರುತ್ತೇನೆ.

ಸೆಂಟ್ರಲ್ ಅವೆನ್ಯೂವಿನ 4225ನೆಯ ಸಂಖ್ಯೆಯ ಡನ್‌ಬಾರ್ ಹೋಟೆಲ್ 1928ರದು. ಬಿಳಿಯರ ಹೋಟೆಲುಗಳು ಕೋಣೆ ಕೊಡದಿದ್ದ ಕಾಲದಲ್ಲಿ ದೊಡ್ಡ ದೊಡ್ಡ ಜ್ಯಾಸ್ ಸಂಗೀತಗಾರರು ಇಳಿದುಕೊಳ್ಳುತ್ತಿದ್ದ ಜಾಗ. ಈಗ ವಯಸ್ಸಾದವರ ವಸತಿ. ಹೊರಗಿನ ನೆರಳಿನಲ್ಲಿ ಊರುಗೋಲು ಹಿಡಿದು ಕುಳಿತಿದ್ದ ಹಿರಿಯರೊಬ್ಬರಿಗೆ ನಮಸ್ಕಾರ ಹೇಳಿ, ಕೈಯಲ್ಲಿದ್ದ ಚಾಂಡ್ಲರನ ಪುಸ್ತಕ ತೋರಿಸಿ, ಇದರಲ್ಲಿ ಬರುವ ಹೆಂಡದಂಗಡಿ ಸುಮಾರು ಎಲ್ಲಿದ್ದಿರಬಹುದೆಂದು ಕೇಳಿದೆ. ಅವರು ಪುಸ್ತಕವನ್ನು ಮುಟ್ಟದೆ ಹೊದಿಕೆಯನ್ನಷ್ಟೇ ನೋಡಿ, ಬರೆದವನು ಯಾವತ್ತಾದರೂ ಈ ಬೀದಿಯಲ್ಲಿ ಕಾರಿನಿಂದ ಕೆಳಗೆ ಇಳಿದಿದ್ದನೇ ಎಂದು ಕೇಳಿದರು. ನನ್ನ ಟ್ಯಾಕ್ಸಿ ರಸ್ತೆಯ ಆಚೆ ಬದಿಯಲ್ಲಿ ಎಂಜಿನ್ ನಿಲ್ಲಿಸದೆ ಕಾಯುತ್ತಿತ್ತು.